ಹಿಂದಕ್ಕೆ ಕಳಿಸಿದ ರಕ್ತ

ವಿದುರಾಶ್ವತ್ಥ, ಗೌರಿಬಿದನೂರು ತಾಲ್ಲೂಕು
12 ಆಗಸ್ಟ್ 2024

ಶ್ರೀಮತಿ ವರಲಕ್ಷ್ಮಿ ಅವರಿಗೆ,

ನಾನು ಸಂಘಮಿತ್ರ. ಜುಲೈ ಒಂಬತ್ತರಂದು ಚಿಂತಾಮಣಿಯ ಆಸ್ಪತ್ರೆಯಲ್ಲಿ ನಿಮಗೆ ಹೆರಿಗೆಯಾದಾಗ ಡ್ಯೂಟಿಯಲ್ಲಿದ್ದ ನರ್ಸ್. ಎರಡು ಸಲ ಫೋನ್ ಮಾಡಿದೆ. ನನ್ನ ಹೆಸರು ಕೇಳಿದೊಡನೆ ನಿಮ್ಮ ಯಜಮಾನರು ಇಟ್ಟುಬಿಟ್ಟರು. ಅದಕ್ಕೇ ಈ ಕಾಗದ. ನೀವು ನನ್ನ ಮೇಲೆ ಕೊಟ್ಟ ದೂರಿನ ಪ್ರತಿಯಲ್ಲಿ ವಿಳಾಸವಿತ್ತು.

ಆ ದೂರಿನಿಂದ ನನ್ನನ್ನು ಅಮಾನತು ಮಾಡಿದ್ದಾರೆ. ಈಗ ಅಪ್ಪನ ಮನೆಯಲ್ಲಿದ್ದೇನೆ. ಮೊನ್ನೆ ಆಸ್ಪತ್ರೆಯ ಮ್ಯಾನೇಜರ್ ಕೋನಪ್ಪನವರು ಒಂದು ಕ್ಷಮಾಪಣೆ ಪತ್ರವನ್ನು ತಾವೇ ಟೈಪ್ ಮಾಡಿಸಿ ಕಳಿಸಿದರು. ‘ನನ್ನ ನಿರ್ಲಕ್ಷ್ಯದಿಂದ ರಕ್ತ ಕೊಡುವುದು ಐವತ್ತು ನಿಮಿಷ ತಡವಾಯಿತು, ಆ ಕಾರಣಕ್ಕೆ ರೋಗಿಯ ಗರ್ಭಕೋಶ ತೆಗೆಯಬೇಕಾಯಿತು’ ಎಂದು ಅದರಲ್ಲಿದೆ. ಸಹಿ ಹಾಕಿ ನಿಮಗೆ ಕಳಿಸಿದರೆ ಮರುದಿನವೇ ಕೆಲಸಕ್ಕೆ ಬರಬಹುದಂತೆ.

ನಾನು ಸಹಿ ಹಾಕಲಿಲ್ಲ, ಹಾಕುವುದೂ ಇಲ್ಲ. ಅದರ ಬದಲು ಇದನ್ನು ಬರೆಯುತ್ತಿದ್ದೇನೆ.

ಐವತ್ತು ನಿಮಿಷ ತಡವಾದದ್ದು ನಿಜ. ನಾನು ಮೈಮರೆತು ಮಾಡಿದ್ದಲ್ಲ, ಗೊತ್ತಿದ್ದೇ ಮಾಡಿದೆ. ಮೊದಲು ಬಂದ ರಕ್ತದ ಚೀಲವನ್ನು ನಾನೇ ಹಿಂದಕ್ಕೆ ಕಳಿಸಿದೆ. ನಾಳೆ ಅದೇ ಚೀಲವನ್ನು ಯಾರು ಕೈಗೆ ಕೊಟ್ಟರೂ ಮತ್ತೆ ಹಿಂದಕ್ಕೇ ಕಳಿಸುತ್ತೇನೆ. ಯಾಕೆಂದು ಆಸ್ಪತ್ರೆಯವರು ನಿಮಗೆ ಹೇಳಿದ್ದಾರೋ ಇಲ್ಲವೋ ನನಗೆ ತಿಳಿಯದು. ನೀವು ಕೇಳಿದರೆ ಹೇಳುತ್ತೇನೆ.

ನಿಮಗೆ ಆದ ನಷ್ಟ ನನಗೆ ಗೊತ್ತಿಲ್ಲದ್ದಲ್ಲ. ಥಿಯೇಟರಿನಲ್ಲಿ ನಿಮ್ಮ ಕೈ ಹಿಡಿದಿದ್ದವಳು ನಾನೇ.

ಮಗು ಹೇಗಿದೆ? ಚೆನ್ನಾಗಿ ಹಾಲು ಕುಡಿಯುತ್ತಿದೆಯೇ?

ಸಂಘಮಿತ್ರ


ಅಂಬಾಜಿದುರ್ಗ, ಚಿಂತಾಮಣಿ ತಾಲ್ಲೂಕು
21 ಆಗಸ್ಟ್ 2024

ಸಿಸ್ಟರ್,

ನಿಮ್ಮ ಕಾಗದ ಓದಿ ಮೈಯೆಲ್ಲ ಉರಿಯಿತು. ಒಂದು ಹೆಣ್ಣಿನ ಗರ್ಭಕೋಶ ಹೋಗಿದೆ, ನೀವು ‘ಮತ್ತೆ ಹಾಗೇ ಮಾಡುತ್ತೇನೆ’ ಎಂದು ಬರೆಯುತ್ತೀರಿ.

ನನಗೆ ಇಪ್ಪತ್ತಾರು ವರ್ಷ. ಇದು ಮೊದಲನೇ ಮಗು, ಕೊನೆಯದೂ ಇದೇ. ನಮ್ಮತ್ತೆ ಆದಿಲಕ್ಷ್ಮಮ್ಮ ಮಗುವನ್ನು ಎತ್ತಿಕೊಂಡಾಗಲೆಲ್ಲ ‘ಗಂಡಾಗಬಾರ್ದಿತ್ತಾ’ ಎಂದು ಅದರ ಕಿವಿಯಲ್ಲೇ ಹೇಳುತ್ತಾರೆ. ಮೊದಲಾಗಿದ್ದರೆ ‘ಮುಂದಿನದು ಆಗತ್ತೆ ಬಿಡಿ ಅತ್ತೆ’ ಎನ್ನುತ್ತಿದ್ದೆ. ಈಗ ಏನು ಹೇಳಲಿ?

ಆ ದಿನ ನನಗೆ ಪ್ರಜ್ಞೆ ಇತ್ತು, ಸಿಸ್ಟರ್. ಕೆಳಗೆ ಹಾಸಿದ್ದೆಲ್ಲ ನೆನೆದು ಹೋಗಿತ್ತು, ಕೈಕಾಲು ತಣ್ಣಗಾಗಿತ್ತು. ಅಂಥ ಹೊತ್ತಿನಲ್ಲಿ ನೀವು ರಕ್ತದ ಚೀಲ ಹಿಡಿದುಕೊಂಡು ತಲೆಯ ಹತ್ತಿರ ಬಂದು, ‘ನಿನ್ನ ಹೆಸರೇನಮ್ಮ? ಗಂಡನ ಹೆಸರೇನು? ಯಾವೂರು?’ ಎಂದು ಕೇಳಿದಿರಿ. ಒಂದು ಸಲವಲ್ಲ, ಮೂರು ಸಲ. ರೇಷನ್ ಅಂಗಡಿಯ ಮುಂದೆ ನಿಂತವಳನ್ನು ಕೇಳಿದ ಹಾಗೆ. ಬೆಳಿಗ್ಗೆಯಿಂದ ನೋಡಿಕೊಂಡವರಿಗೆ ನನ್ನ ಹೆಸರು ಗೊತ್ತಿರಲಿಲ್ಲವೇ? ಡಾಕ್ಟರು ‘ಹಾಕ್ರೀ, ಹಾಕ್ರೀ’ ಎಂದು ಕೂಗುತ್ತಿದ್ದರು. ನೀವು ಅವರ ಜೊತೆ ವಾದಕ್ಕೆ ನಿಂತಿರಿ.

ನಾನು ಇಲ್ಲಿನ ಹಾಲಿನ ಡೈರಿಯಲ್ಲಿ ಟೆಸ್ಟರ್. ದಿನಕ್ಕೆ ಎರಡು ಹೊತ್ತು ನೂರಾ ಹತ್ತು ಮನೆಯ ಹಾಲು ನೋಡುತ್ತೇನೆ. ಕ್ಯೂನಲ್ಲಿ ಒಬ್ಬರನ್ನು ಐದು ನಿಮಿಷ ನಿಲ್ಲಿಸಿದರೆ ಜಗಳಕ್ಕೆ ಬರುತ್ತಾರೆ. ನೀವು ನನ್ನನ್ನು ಐವತ್ತು ನಿಮಿಷ ಸಾವಿನ ಮುಂದೆ ನಿಲ್ಲಿಸಿದಿರಿ.

ದೂರನ್ನು ನನ್ನ ಕೈಯಾರೆ ಬರೆದೆ. ನನಗೆ ಪಶ್ಚಾತ್ತಾಪವಿಲ್ಲ. ನಮ್ಮತ್ತೆ ನಿಮ್ಮ ಬಗ್ಗೆ ಆಡುವ ಮಾತನ್ನು ಇಲ್ಲಿ ಬರೆಯಲಾರೆ.

ಯಾಕೆ ಹಿಂದಕ್ಕೆ ಕಳಿಸಿದಿರಿ? ಈಗ ಕೇಳುತ್ತಿದ್ದೇನೆ. ಹೇಳಿ.

ವರಲಕ್ಷ್ಮಿ


ವಿದುರಾಶ್ವತ್ಥ
27 ಆಗಸ್ಟ್ 2024

ವರಲಕ್ಷ್ಮಿ ಅವರೇ,

ನಿಮ್ಮತ್ತೆಯವರ ಮಾತನ್ನು ನೀವು ಬರೆಯಬೇಕಾಗಿಲ್ಲ. ವಾರ್ಡಿನಲ್ಲಿ ನನ್ನ ಹೆಸರು ಕೇಳಿದೊಡನೆ ಅವರು ‘ನೀನು ಯಾವ ಪೈಕಿಯಮ್ಮ?’ ಎಂದಿದ್ದರು. ಹನ್ನೊಂದು ವರ್ಷದ ಕೆಲಸದಲ್ಲಿ ಆ ಮಾತು ನನಗೆ ಹೊಸದಲ್ಲ, ಅದಕ್ಕೆ ನಾನು ಹೆದರುವುದೂ ಇಲ್ಲ.

ನಡೆದದ್ದು ಇಷ್ಟು. ಸಂಜೆ ನಾಲ್ಕೂವರೆಗೆ ಬ್ಲಡ್ ಬ್ಯಾಂಕಿನಿಂದ ಚೀಲ ಬಂತು. ಅದರ ಮೇಲೆ ನಿಮ್ಮ ಹೆಸರಿತ್ತು, ನಿಮ್ಮ ಆಸ್ಪತ್ರೆ ನಂಬರಿತ್ತು. ಗುಂಪು ಮಾತ್ರ ಬಿ ಪಾಸಿಟಿವ್. ಬಸುರಿನಲ್ಲಿ ನಿಮಗೆ ಕೊಟ್ಟಿದ್ದ ತಾಯಿ ಕಾರ್ಡ್ ದಿಂಬಿನ ಪಕ್ಕದಲ್ಲಿತ್ತು. ಅದರಲ್ಲಿ ಓ ಪಾಸಿಟಿವ್ ಎಂದಿತ್ತು.

ಓ ಗುಂಪಿನವರಿಗೆ ಬಿ ಗುಂಪಿನ ರಕ್ತ ಹೋದರೆ ಮೈ ಅದನ್ನು ಒಡೆದು ಹಾಕುತ್ತದೆ. ಮೂತ್ರ ನಿಲ್ಲುತ್ತದೆ. ಮೊದಲೇ ರಕ್ತ ಹೋಗಿ ಸೋತಿರುವವರು ಉಳಿಯುವುದು ಕಷ್ಟ.

ಅದಕ್ಕೇ ನಿಮ್ಮ ಹೆಸರು ಕೇಳಿದೆ. ಕಾಗದದ ಮೇಲಿರುವವರೂ ಹಾಸಿಗೆಯ ಮೇಲಿರುವವರೂ ಒಬ್ಬರೇನಾ ಎಂದು ರೋಗಿಯ ಬಾಯಿಂದಲೇ ಕೇಳಬೇಕು. ಆ ಹೊತ್ತು ವಾರ್ಡಿನಲ್ಲಿ ಇನ್ನೊಬ್ಬ ವರಲಕ್ಷ್ಮಿ ಇದ್ದರು, ಮರುದಿನದ ಆಪರೇಷನ್ನಿಗೆ ಬಂದವರು.

ಡಾಕ್ಟರ್ ರಮೇಶ್‌ಬಾಬು ಹೇಳಿದರು, “ಹೆಸರು ಸರಿಯಿದೆ, ನಂಬರ್ ಸರಿಯಿದೆ. ಹಾಕ್ರೀ.”

“ಸಾರ್, ತಾಯಿ ಕಾರ್ಡಲ್ಲಿ ಓ ಪಾಸಿಟಿವ್ ಅಂತಿದೆ.”

“ಯಾವುದೋ ಹಳ್ಳಿ ಕ್ಯಾಂಪಲ್ಲಿ ಬರೆದಿದ್ದು ಅದು. ಬ್ಲಡ್ ಬ್ಯಾಂಕಿನವರು ಇವತ್ತು ಟೆಸ್ಟ್ ಮಾಡಿ ಕಳಿಸಿದ್ದಾರೆ. ಯಾವುದನ್ನ ನಂಬ್ತೀರಿ?”

“ಎರಡನ್ನೂ ನಂಬಲ್ಲ ಸಾರ್. ಇನ್ನೊಂದು ಸ್ಯಾಂಪಲ್ ಕಳಿಸಣ.”

“ಅಷ್ಟರಲ್ಲಿ ಅವಳು ಹೋಗ್ಬಿಟ್ರೆ?”

“ಇದನ್ನ ಹಾಕಿದ್ರೂ ಹೋಗ್ತಾರೆ ಸಾರ್.”

ಅವರು ಚೀಲಕ್ಕೆ ಕೈ ಚಾಚಿದರು. ನಾನು ಕೊಡಲಿಲ್ಲ. ಹೊಸ ಸ್ಯಾಂಪಲ್ ತೆಗೆದು, ನಿಮ್ಮ ಪಕ್ಕದಲ್ಲೇ ನಿಂತು ಹೆಸರು ಬರೆದು, ಆ ಚೀಲವನ್ನೂ ಸೇರಿಸಿ ಬ್ಲಡ್ ಬ್ಯಾಂಕಿಗೆ ಕಳಿಸಿದೆ. ಐದು ಇಪ್ಪತ್ತಕ್ಕೆ ಓ ಪಾಸಿಟಿವ್ ಬಂತು. ಅದನ್ನು ನಾನೇ ಹಾಕಿದೆ.

ಸ್ಯಾಂಪಲ್ ಎಲ್ಲೋ ಅದಲುಬದಲಾಗಿತ್ತು. ನಿಮ್ಮ ಕೇಸ್ ಶೀಟಿನ ಪ್ರತಿ ಕೇಳಿ. ಕೇಳಿದರೆ ಅವರು ಕೊಡಲೇಬೇಕು. ಅದರಲ್ಲಿ ನಾಲ್ಕೂವರೆಯ ಎದುರಿಗೆ ನನ್ನ ಕೈಬರಹವಿದೆ. ಓದಿದ ಮೇಲೆ ನನ್ನನ್ನು ಬೈಯಬೇಕೆನಿಸಿದರೆ ಬೈಯಿರಿ.

ಸಂಘಮಿತ್ರ


ಅಂಬಾಜಿದುರ್ಗ
15 ಸೆಪ್ಟೆಂಬರ್ 2024

ಸಿಸ್ಟರ್,

ತಾಯಿ ಕಾರ್ಡ್ ನೋಡಿದೆ. ಓ ಪಾಸಿಟಿವ್ ಎಂದೇ ಇದೆ. ಆಸ್ಪತ್ರೆಗೂ ಹೋಗಿದ್ದೆ.

ನಮ್ಮ ಮನೆಯವರು, ಮಧುಕುಮಾರ್, ಬೇಡ ಎಂದರು. “ಮುಗಿದಿದ್ದನ್ನ ಯಾಕೆ ಕೆದಕ್ತೀಯ ವರಾ?” ಎಂದರು. ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡು ಒಬ್ಬಳೇ ಬಸ್ ಹತ್ತಿದೆ. ಕೋನಪ್ಪನವರು ಮೊದಲ ದಿನ ಸಾಹೇಬರಿಲ್ಲ ಎಂದರು. ಎರಡನೇ ದಿನ ಜೆರಾಕ್ಸ್ ಮೆಷಿನ್ ಕೆಟ್ಟಿದೆ ಎಂದರು. ಅವರ ಬೆನ್ನ ಹಿಂದೆಯೇ ಅದು ಟರ್ ಟರ್ ಎಂದು ಓಡುತ್ತಿತ್ತು. ನಾಲ್ಕನೇ ಸಲಕ್ಕೆ ಕೊಟ್ಟರು.

ಹದಿನಾಲ್ಕು ಹಾಳೆ. ಎಲ್ಲವನ್ನೂ ಓದಿದೆ. ನಾಲ್ಕೂವರೆಯ ಎದುರಿಗೆ ‘ರಕ್ತ ಇನ್ನೂ ಬಂದಿಲ್ಲ, ನರ್ಸ್ ಸ್ಯಾಂಪಲ್ ತಡವಾಗಿ ಕಳಿಸಿದ್ದಾರೆ’ ಎಂದಿದೆ. ಐದು ಇಪ್ಪತ್ತಕ್ಕೆ ಓ ಪಾಸಿಟಿವ್. ಬಿ ಎನ್ನುವ ಅಕ್ಷರವೇ ಎಲ್ಲೂ ಇಲ್ಲ. ನಿಮ್ಮ ಕೈಬರಹವೂ ಇಲ್ಲ. ಕಾಗದದಲ್ಲಿರುವ ನಿಮ್ಮ ಅಕ್ಷರದ ಪಕ್ಕ ಇಟ್ಟು ನೋಡಿದೆ.

ನೀವು ಚೀಲ ಹಿಡಿದು ಬಂದದ್ದನ್ನು ನಾನೇ ಕಂಡಿದ್ದೇನೆ, ಆದರೆ ಅದು ಬಿ ಎನ್ನುವುದಕ್ಕೆ ಪುರಾವೆಯೇ ಇಲ್ಲ. ಹಾಗಾದರೆ ಸುಳ್ಳು ಹೇಳುತ್ತಿರುವವರು ಯಾರು? ಕೆಲಸ ಉಳಿಸಿಕೊಳ್ಳಲು ಕಥೆ ಕಟ್ಟಿದಿರಾ?

ಒಂದು ಮಾತು ನನಗೆ ಗಂಟಲಲ್ಲಿ ಸಿಕ್ಕಿಕೊಂಡಿದೆ. ‘ಸ್ಯಾಂಪಲ್ ಎಲ್ಲೋ ಅದಲುಬದಲಾಗಿತ್ತು’ ಎಂದು ಬರೆದಿದ್ದೀರಿ. ಉಳಿದದ್ದಕ್ಕೆಲ್ಲ ಗಂಟೆ, ನಿಮಿಷ, ಯಾರು ಏನೆಂದರು ಎನ್ನುವುದೆಲ್ಲ ಇದೆ. ಇದಕ್ಕೆ ಮಾತ್ರ ‘ಎಲ್ಲೋ’. ಡೈರಿಯಲ್ಲಿ ಇಬ್ಬರ ಹಾಲಿನ ಬಾಟಲಿ ಅದಲುಬದಲಾದರೆ ಬಾಟಲಿಗಳು ತಾವೇ ಎದ್ದು ಜಾಗ ಬದಲಾಯಿಸಿಕೊಂಡವು ಎಂದು ನಾನು ಹೇಳಲಾಗುವುದಿಲ್ಲ. ಅಲ್ಲಿ ಕೂತಿರುವವಳು ನಾನು. ತಪ್ಪಾದರೆ ಅದು ನನ್ನ ಕೈ.

ಬೆಳಿಗ್ಗೆ ನನ್ನ ತೋಳಿಗೆ ಸೂಜಿ ಚುಚ್ಚಿ ರಕ್ತ ತೆಗೆದವರು ಯಾರು ಸಿಸ್ಟರ್? ನನಗೆ ನೆನಪಿದೆ. ನೀವೇ ಹೇಳಲಿ ಎಂದು ಕೇಳುತ್ತಿದ್ದೇನೆ.

ವರಲಕ್ಷ್ಮಿ


ವಿದುರಾಶ್ವತ್ಥ
22 ಸೆಪ್ಟೆಂಬರ್ 2024

ವರಲಕ್ಷ್ಮಿ ಅವರೇ,

ತೆಗೆದವಳು ನಾನೇ. ಆ ‘ಎಲ್ಲೋ’ ಎನ್ನುವುದು ನನ್ನ ಕೈ.

ಆ ಬೆಳಿಗ್ಗೆ ಹತ್ತೊಂಬತ್ತು ಹಾಸಿಗೆಗೆ ನಾನೊಬ್ಬಳೇ ಇದ್ದೆ. ನಿಮ್ಮದು, ಆ ಇನ್ನೊಬ್ಬ ವರಲಕ್ಷ್ಮಿಯವರದು, ಎರಡು ಸ್ಯಾಂಪಲ್ ತೆಗೆದೆ. ಹಾಸಿಗೆಯ ಪಕ್ಕದಲ್ಲೇ ಟ್ಯೂಬಿನ ಮೇಲೆ ಹೆಸರು ಬರೆಯಬೇಕು. ಹೆರಿಗೆ ಕೋಣೆಯಿಂದ ಕೂಗಿದರು. ಎರಡೂ ಟ್ಯೂಬನ್ನು ಕೋಟಿನ ಜೇಬಿಗೆ ಹಾಕಿಕೊಂಡು ಓಡಿದೆ. ಮುಕ್ಕಾಲು ಗಂಟೆಯ ಮೇಲೆ ಮೇಜಿನ ಹತ್ತಿರ ಕೂತು ಹೆಸರು, ನಂಬರ್ ಬರೆದೆ. ಆಗ ನಿಮ್ಮದನ್ನು ಅವರ ಹೆಸರಿಗೆ, ಅವರದನ್ನು ನಿಮ್ಮ ಹೆಸರಿಗೆ ಹಚ್ಚಿದೆ.

ರಕ್ತ ಕೇಳುವ ಫಾರಂಗಳಿಗೆ ಡಾಕ್ಟರ್ ಸೋಮವಾರವೇ ಇಡೀ ಪ್ಯಾಡಿಗೆ ಸಹಿ ಹಾಕಿ ಇಟ್ಟಿರುತ್ತಾರೆ. ಯಾವ ಹೆರಿಗೆ, ಯಾವ ಆಪರೇಷನ್ ಇದ್ದರೂ, ಬೇಕಿರಲಿ ಬೇಡದಿರಲಿ, ಎರಡೆರಡು ಚೀಲ ಕಾದಿರಿಸುವುದು ಅಲ್ಲಿನ ಪದ್ಧತಿ. ಹೀಗಾಗಿ ಫಾರಂ, ಟ್ಯೂಬ್ ಎರಡನ್ನೂ ಹೋಲಿಸಿ ಇನ್ನೊಬ್ಬರು ಒಂದು ಸಲ ನೋಡುವುದೇ ಇಲ್ಲ. ಇದನ್ನು ನೆಪವಾಗಿ ಬರೆಯುತ್ತಿಲ್ಲ. ಫಾರಂ ಖಾಲಿಯಿದ್ದದ್ದು ಅವರ ತಪ್ಪು. ಟ್ಯೂಬ್ ಜೇಬಿಗೆ ಹೋದದ್ದು ನನ್ನ ತಪ್ಪು.

ಚೀಲದ ಮೇಲೆ ಬಿ ಎಂದು ಕಂಡ ಕ್ಷಣವೇ ನನಗೆ ಎಲ್ಲ ಗೊತ್ತಾಯಿತು. ಬೆಳಿಗ್ಗೆ ಸೇರಿಸಿಕೊಳ್ಳುವಾಗಲೇ ನಿಮ್ಮದು ಓ ಎಂದು ಓದಿದ್ದೆ, ತಾಯಿ ಕಾರ್ಡ್ ಆಮೇಲೆ ಮತ್ತೆ ನೋಡಿದ್ದು ಖಾತ್ರಿಗೆ. ಡಾಕ್ಟರ ಎದುರು ಅಷ್ಟು ಗಟ್ಟಿಯಾಗಿ ನಿಂತದ್ದು ಧೈರ್ಯದಿಂದ ಮಾತ್ರವಲ್ಲ. ನನ್ನ ಜೇಬು ನನಗೆ ನೆನಪಿತ್ತು. ಆ ಇನ್ನೊಬ್ಬ ವರಲಕ್ಷ್ಮಿಯವರ ಸ್ಯಾಂಪಲನ್ನೂ ಅಂದೇ ಸಂಜೆ ಮತ್ತೆ ತೆಗೆದು ಕಳಿಸಿದೆ.

ಇದನ್ನು ಮುಚ್ಚಿಟ್ಟೇ ಗೆಲ್ಲಬಹುದು ಎಂದುಕೊಂಡಿದ್ದೆ. ನಿಮ್ಮ ಕಾಗದವನ್ನು ಅಪ್ಪನಿಗೆ ಓದಿ ಹೇಳಿದೆ. ನಮ್ಮಪ್ಪ ಕೆಂಪರಾಜು, ಪ್ರೈಮರಿ ಶಾಲೆಯಲ್ಲಿ ಮೇಷ್ಟ್ರಾಗಿದ್ದವರು. “ಆ ಹುಡುಗಿ ಸರಿಯಾಗೇ ಹಿಡ್ಕೊಂಡವಳೆ ಕಣಮ್ಮ,” ಎಂದರು. “ಈಗ ಏನ್ ಮಾಡ್ತೀಯ?”

ನಿನ್ನೆ ಜಿಲ್ಲಾ ಆರೋಗ್ಯಾಧಿಕಾರಿಗಳಿಗೂ ಆಸ್ಪತ್ರೆಗೂ ರಿಜಿಸ್ಟರ್ ಪೋಸ್ಟಿನಲ್ಲಿ ಎಲ್ಲವನ್ನೂ ಬರೆದು ಕಳಿಸಿದೆ. ಹೆಸರು ತಪ್ಪಾಗಿ ಬರೆದದ್ದು ನಾನು, ಶಿಕ್ಷೆ ಕೊಡಿ ಎಂದಿದ್ದೇನೆ. ಚೀಲ ತಡೆದದ್ದಕ್ಕೆ ಕ್ಷಮೆ ಕೇಳುವುದಿಲ್ಲ ಎಂದೂ ಬರೆದಿದ್ದೇನೆ. ನರ್ಸ್ ಎನ್ನುವ ನೋಂದಣಿಯೇ ಹೋಗಬಹುದು.

ನಿಮ್ಮಲ್ಲಿ ಮಾತ್ರ ಕ್ಷಮೆ ಕೇಳುತ್ತೇನೆ, ಆ ಟ್ಯೂಬಿಗಾಗಿ. ಕೊಡುವುದು ಬಿಡುವುದು ನಿಮ್ಮಿಷ್ಟ.

ಆಸ್ಪತ್ರೆಯವರು ತಮ್ಮ ಹಾಳೆ ಬದಲಾಯಿಸಬಹುದು. ಆದರೆ ಬ್ಲಡ್ ಬ್ಯಾಂಕಿನವರಿಗೆ ಅವರದೇ ರಿಜಿಸ್ಟರ್ ಇರುತ್ತದೆ. ಹೊರಗೆ ಹೋದ ಚೀಲ, ಹಿಂದೆ ಬಂದ ಚೀಲ, ಎರಡನ್ನೂ ಬರೆದಿರುತ್ತಾರೆ. ನಾನು ಕೇಳಿದರೆ ತೋರಿಸುವುದಿಲ್ಲ. ಅದು ನಿಮ್ಮ ಹೆಸರಲ್ಲಿ ಹೋದ ರಕ್ತ.

ಸಂಘಮಿತ್ರ


ಅಂಬಾಜಿದುರ್ಗ
24 ಅಕ್ಟೋಬರ್ 2024

ಸಿಸ್ಟರ್,

ಒಂದು ತಿಂಗಳು ನಿಮಗೆ ಬರೆಯಲಿಲ್ಲ. ಬರೆಯಬಾರದೆಂದೇ ಇದ್ದೆ. ನಿಮ್ಮ ಕಾಗದವನ್ನು ಹರಿಯಲು ಎರಡು ಸಲ ಕೈಗೆ ತೆಗೆದುಕೊಂಡೆ.

ದಸರಾ ಕಳೆದ ಮೇಲೆ ಬ್ಲಡ್ ಬ್ಯಾಂಕಿಗೆ ಹೋದೆ. ಅಲ್ಲಿನ ಟೆಕ್ನಿಷಿಯನ್ ವೆಂಕಟರಾಯಪ್ಪ ಎಂಬುವವರು, “ಇದೆಲ್ಲ ಹೊರಗಿನೋರಿಗೆ ತೋರ್ಸೋ ಹಂಗಿಲ್ಲಮ್ಮ,” ಎಂದರು.

“ನಾನು ಹೊರಗಿನೋಳಾ? ನನ್ನ ಮೈಗೆ ಹೋಗ್ಬೇಕಾಗಿದ್ದ ರಕ್ತ ಸ್ವಾಮಿ ಅದು.”

ಅರ್ಜಿ ಬರೆದುಕೊಟ್ಟೆ. ತಾಯಿ ಕಾರ್ಡ್, ಆಧಾರ್ ಎರಡರ ಜೆರಾಕ್ಸೂ ಲಗತ್ತಿಸಿದೆ. ಎರಡು ದಿನ ಅವರ ಬೆಂಚಿನ ಮೇಲೆ ಕೂತೆ, ಮಗುವಿಗೆ ಅಲ್ಲೇ ಹಾಲು ಕುಡಿಸಿದೆ. ಎರಡನೇ ದಿನ ಮಧ್ಯಾಹ್ನ ಅವರೇ ಒಂದು ಹಾಳೆ ತಂದು ಕೊಟ್ಟರು, ಸೀಲ್ ಹಾಕಿ. ನಾಲ್ಕು ಇಪ್ಪತ್ತಕ್ಕೆ ಬಿ ಪಾಸಿಟಿವ್ ಹೊರಗೆ. ನಾಲ್ಕು ನಲವತ್ತಕ್ಕೆ ವಾಪಸ್. ಕಾರಣದ ಕಡೆ, ‘ಗುಂಪು ಹೊಂದುತ್ತಿಲ್ಲವೆಂದು ವಾರ್ಡ್ ನರ್ಸ್ ಆಕ್ಷೇಪ.’ ಐದು ಹತ್ತಕ್ಕೆ ಓ ಪಾಸಿಟಿವ್.

“ಆವಮ್ಮ ತಡೀದೇ ಹೋಗಿದ್ರೆ ನೀನು ಈ ಬೆಂಚಲ್ಲಿ ಕೂತಿರ್ತಿರ್ಲಿಲ್ಲಮ್ಮ,” ಎಂದರು. ಆಗ ನನಗೆ ಅಳು ಬಂತು, ಸಿಟ್ಟೂ ಬಂತು. ಯಾರ ಮೇಲೆಂದು ಗೊತ್ತಾಗಲಿಲ್ಲ.

ಈಗ ನಾನೂ ಒಂದು ನಿಜ ಹೇಳಬೇಕು. ದೂರನ್ನು ನಾನು ಬರೆದದ್ದಲ್ಲ. ಎಂಟನೇ ದಿನ ಕೋನಪ್ಪನವರು ಟೈಪ್ ಮಾಡಿದ್ದನ್ನು ಡಿಸ್ಚಾರ್ಜ್ ಕಾಗದಗಳ ಜೊತೆ ತಂದರು. “ಇಲ್ಲೊಂದು, ಇಲ್ಲೊಂದು ಸೈನ್ ಹಾಕಮ್ಮ,” ಎಂದರು. ನಾನು ಓದಲಿಲ್ಲ. ನಮ್ಮ ಮನೆಯವರೂ ಸಾಕ್ಷಿಗೆ ಹಾಕಿದರು. ಆದರೂ ಕೈಯಾರೆ ಬರೆದೆ ಎಂದು ನಿಮಗೆ ಬರೆದೆ. ನಾನು ಬರೆದದ್ದಲ್ಲ ಎಂದರೆ ನನ್ನ ಸಿಟ್ಟೂ ನನ್ನದಲ್ಲ ಎಂದಾಗುತ್ತಿತ್ತು. ಅದು ನನ್ನದೇ.

ಆ ದೂರನ್ನು ವಾಪಸ್ ತೆಗೆದುಕೊಂಡೆ. ಈಗ ನಿಜಕ್ಕೂ ಕೈಯಾರೆ ಇನ್ನೊಂದು ಬರೆದಿದ್ದೇನೆ. ಅದರಲ್ಲಿ ಹಾಳೆ ಬದಲಾಯಿಸಿದವರೂ ಇದ್ದಾರೆ, ಟ್ಯೂಬ್ ಜೇಬಿಗೆ ಹಾಕಿಕೊಂಡ ನೀವೂ ಇದ್ದೀರಿ. ನವೆಂಬರ್ ಆರಕ್ಕೆ ಚಿಕ್ಕಬಳ್ಳಾಪುರದಲ್ಲಿ ನನ್ನ ಹೇಳಿಕೆ ತೆಗೆದುಕೊಳ್ಳುತ್ತಾರಂತೆ.

ಮನೆಯಲ್ಲಿ ರಂಪವಾಯಿತು. ಅತ್ತೆ, “ಯಾವ ಜಾತಿಯೋಳೋ ಏನೋ, ಅವಳಿಗೋಸ್ಕರ ಬಾಣಂತಿ ಊರೂರು ತಿರುಗ್ತಾಳೆ,” ಎಂದರು.

“ಚೀಲದ ಮೇಲೆ ಜಾತಿ ಬರೆದಿರ್ಲಿಲ್ಲ ಅತ್ತೆ. ಗುಂಪು ಬರೆದಿತ್ತು. ಅದನ್ನ ಓದಿದ್ದು ಅವರೊಬ್ಬರೇ,” ಎಂದೆ. ಮರುದಿನ ಮಧುಕುಮಾರ್ ಗಾಡಿ ಒರೆಸುತ್ತ, “ಚಿಕ್ಕಬಳ್ಳಾಪುರಕ್ಕೆ ನಾನೇ ಕರ್ಕೊಂಡು ಹೋಗ್ತೀನಿ,” ಎಂದರು.

ನಿಮ್ಮನ್ನು ಕ್ಷಮಿಸಿಲ್ಲ. ಒಂದು ಪ್ರಶ್ನೆಗೆ ಉತ್ತರ ಬೇಕು. ನಾಲ್ಕೂವರೆಗೇ ಸರಿಯಾದ ರಕ್ತ ಬಂದಿದ್ದರೆ ನನ್ನ ಗರ್ಭಕೋಶ ಉಳಿಯುತ್ತಿತ್ತೇ?

ವರಲಕ್ಷ್ಮಿ


ಗೌರಿಬಿದನೂರು
29 ನವೆಂಬರ್ 2024

ವರಲಕ್ಷ್ಮಿ,

ನನ್ನ ವಿಚಾರಣೆ ಹದಿಮೂರಕ್ಕೆ ಚಿಕ್ಕಬಳ್ಳಾಪುರದಲ್ಲಿ, ಜಿಲ್ಲಾ ಆರೋಗ್ಯಾಧಿಕಾರಿಗಳು ನೇಮಿಸಿದ ಸಮಿತಿಯ ಮುಂದೆ ನಡೆಯಿತು. ಮೇಜಿನ ಮೇಲೆ ನಿಮ್ಮ ಬ್ಲಡ್ ಬ್ಯಾಂಕಿನ ಹಾಳೆ ಎಲ್ಲಕ್ಕಿಂತ ಮೇಲಿತ್ತು.

ಮೊದಲು ನಿಮ್ಮ ಪ್ರಶ್ನೆ. ಸಮಿತಿಯಲ್ಲಿದ್ದ ಹೆರಿಗೆ ತಜ್ಞೆಯನ್ನು ನಾನೇ ಕೇಳಿದೆ. ನಿಮಗೆ ಕೊಟ್ಟ ಯಾವ ಔಷಧಕ್ಕೂ ರಕ್ತಸ್ರಾವ ನಿಲ್ಲಲಿಲ್ಲ. ಹೋದ ರಕ್ತವನ್ನು ತುಂಬಬಹುದೇ ಹೊರತು ರಕ್ತದ ಚೀಲದಿಂದ ಸ್ರಾವ ನಿಲ್ಲುವುದಿಲ್ಲ. ಬಹುಶಃ ಹೇಗೂ ತೆಗೆಯಬೇಕಾಗುತ್ತಿತ್ತು ಎಂದರು. ‘ಬಹುಶಃ’ ಎನ್ನುವುದನ್ನು ಬಿಟ್ಟು ಬರೆದು ನಿಮಗೆ ಸಮಾಧಾನ ಮಾಡುವ ಆಸೆಯಾಯಿತು, ನನಗೂ ಹಗುರಾಗುತ್ತಿತ್ತು. ಬಿಡಲಿಲ್ಲ. ಅವರು ಹೇಳಿದ್ದು ಬಹುಶಃ ಎಂದೇ.

ರಮೇಶ್‌ಬಾಬು ಅವರು ಎದುರಿಗೇ ಕೂತಿದ್ದರು. “ಇವರು ಟ್ಯೂಬ್ ಸರಿಯಾಗಿ ಬರೆದಿದ್ರೆ ಇದ್ಯಾವುದೂ ಆಗ್ತಿರ್ಲಿಲ್ಲ. ಅವರೇ ಒಪ್ಕೊಂಡಿದ್ದಾರೆ. ಇನ್ನೇನು ವಿಚಾರಣೆ?” ಎಂದರು.

“ಹೌದು ಸಾರ್, ಒಪ್ಕೊಂಡಿದ್ದೀನಿ,” ಎಂದೆ. “ಕೇಸ್ ಶೀಟಲ್ಲಿ ನಾನು ಬರೆದಿದ್ದ ಪುಟ ಎಲ್ಲಿ ಹೋಯ್ತು ಅನ್ನೋದನ್ನ ಈಗ ನೀವು ಹೇಳಿ.”

ಅವರು ಕೋನಪ್ಪನವರ ಮುಖ ನೋಡಿದರು. ಕೋನಪ್ಪನವರು ಫ್ಯಾನ್ ನೋಡಿದರು. ಬರೆದುಕೊಳ್ಳುತ್ತಿದ್ದ ಗುಮಾಸ್ತೆ, “ಉತ್ತರ ಇಲ್ಲ ಅಂತ ಬರ್ಕೊಳ್ಳಾ ಸಾರ್?” ಎಂದು ಅಧ್ಯಕ್ಷರನ್ನು ಕೇಳಿದರು. “ಬರ್ಕೊಳ್ಳಿ,” ಎಂದರು ಅವರು.

ಆದೇಶ ಮೊನ್ನೆ ಬಂತು. ನನಗೆ ಲಿಖಿತ ಛೀಮಾರಿ, ಅದು ನನ್ನ ದಾಖಲೆಯಲ್ಲಿ ಯಾವತ್ತಿಗೂ ಇರುತ್ತದೆ. ನೋಂದಣಿ ಉಳಿದಿದೆ. ಚೀಲ ತಡೆದದ್ದು ಸರಿ ಎಂದು ಒಂದೂವರೆ ಸಾಲಿನಲ್ಲಿ ಬರೆದಿದ್ದಾರೆ. ಆಸ್ಪತ್ರೆಯಲ್ಲಿ ಖಾಲಿ ಫಾರಂಗೆ ಸಹಿ ಹಾಕುವುದು ನಿಲ್ಲಬೇಕು, ಚೀಲ ಹಾಕುವ ಮುಂಚೆ ಇಬ್ಬರು ರೋಗಿಯ ಪಕ್ಕದಲ್ಲೇ ನೋಡಬೇಕು, ಬೇಕಿಲ್ಲದವರಿಗೆ ರಕ್ತ ಕಾದಿರಿಸಬಾರದು. ಪುಟ ಬದಲಾದದ್ದರ ಬಗ್ಗೆ ಪೊಲೀಸರಿಗೆ ಬರೆದಿದ್ದಾರೆ.

ಆಸ್ಪತ್ರೆಯವರು ನನ್ನನ್ನು ಮತ್ತೆ ಕರೆಯಲಿಲ್ಲ. ಕರೆದಿದ್ದರೂ ಹೋಗುತ್ತಿರಲಿಲ್ಲ. ಇಲ್ಲಿ ಗೌರಿಬಿದನೂರಿನಲ್ಲಿ ಒಂದು ಸಣ್ಣ ನರ್ಸಿಂಗ್ ಹೋಮಿಗೆ ಸೇರಿದ್ದೇನೆ. ಛೀಮಾರಿಯ ಪ್ರತಿಯನ್ನು ಅರ್ಜಿಯ ಜೊತೆ ನಾನೇ ಇಟ್ಟೆ. ಇಲ್ಲಿನ ಡಾಕ್ಟರಮ್ಮ ಅದನ್ನು ಎರಡು ಸಲ ಓದಿ, “ನಾಳೆಯಿಂದ ಬನ್ನಿ,” ಎಂದರು.

ಸಂಘಮಿತ್ರ


ಅಂಬಾಜಿದುರ್ಗ
18 ಡಿಸೆಂಬರ್ 2024

ಸಂಘಮಿತ್ರಕ್ಕ,

ಆ ‘ಬಹುಶಃ’ ಓದಿ ಎರಡು ದಿನ ಊಟ ಸೇರಲಿಲ್ಲ. ಆದರೂ ಅದನ್ನು ಬಿಡದೆ ಬರೆದದ್ದು ಒಳ್ಳೆಯದಾಯಿತು.

ನಿನ್ನೆ ಸಂಜೆ ಡೈರಿಗೆ ಕೋನಪ್ಪನವರು ಕಾರಿನಲ್ಲಿ ಬಂದರು, ಹಣ್ಣಿನ ಬುಟ್ಟಿ ಸಮೇತ. ಹಾಲು ಹಾಕುವವರು ಸಾಲಾಗಿ ನಿಂತಿದ್ದರು. ಅವರ ಕೈಯಲ್ಲಿ ಮತ್ತೆ ಟೈಪ್ ಮಾಡಿದ ಕಾಗದ. ‘ನನಗೂ ನರ್ಸ್ ಸಂಘಮಿತ್ರ ಅವರಿಗೂ ಆಸ್ಪತ್ರೆಗೂ ನಡುವೆ ಯಾವ ದೂರೂ ಇಲ್ಲ, ಎಲ್ಲವೂ ಸೌಹಾರ್ದವಾಗಿ ಮುಗಿದಿದೆ’ ಎಂದಿತ್ತು. ನೀವು ಆಗಲೇ ಒಪ್ಪಿದ್ದೀರಿ ಎಂದರು.

“ಅವರು ಒಪ್ಪಿದ್ರೆ ಅವರ ಸೈನ್ ಎಲ್ಲಿ?” ಎಂದೆ.

“ನೀನು ಹಾಕಮ್ಮ ಮೊದ್ಲು. ಆಮೇಲೆ ಅವರು ಹಾಕ್ತಾರೆ.”

ಈ ಸಲ ಕಾಗದವನ್ನು ಪೂರ್ತಿ ಓದಿದೆ, ಸಾಲಿನಲ್ಲಿದ್ದವರಿಗೆಲ್ಲ ಕೇಳಿಸುವ ಹಾಗೆ ಗಟ್ಟಿಯಾಗಿ. ನಮ್ಮತ್ತೆಯೂ ಕ್ಯಾನ್ ಹಿಡಿದು ಅಲ್ಲೇ ನಿಂತಿದ್ದರು.

“ನೋಡಿ ಸ್ವಾಮಿ,” ಎಂದೆ. “ಆವಮ್ಮನ ಮೇಲೆ ನಂಗೆ ದೂರಿದೆ. ನಿಮ್ಮ ಮೇಲೂ ಇದೆ. ಆವಮ್ಮ ತಪ್ಪು ಮಾಡಿ ನನ್ನ ಮುಂದೆ ಹೇಳ್ಕೊಂಡ್ರು. ನೀವು ತಪ್ಪು ಮಾಡಿ ನನ್ನ ಕೈಲೇ ಸೈನ್ ಹಾಕಿಸ್ಕೊಂಡ್ರಿ. ಎರಡೂ ಒಂದೇ ಅಲ್ಲ. ಒಂದೇ ಕಾಗದದಲ್ಲಿ ಮುಗ್ಸಕ್ಕೆ ಬರಬೇಡಿ.”

ಅವರು ಪೆನ್ನಿಗೆ ಮುಚ್ಚಳ ಹಾಕಿಕೊಂಡರು. ಬುಟ್ಟಿಯನ್ನು ಅಲ್ಲೇ ಬಿಟ್ಟು ಹೋಗಲು ನೋಡಿದಾಗ ಅತ್ತೆ, “ಅದನ್ನೂ ತಗೊಂಡ್ ಹೋಗಪ್ಪ, ದಾರೀಲಿ ಕಾಲಿಗೆ ಸಿಗುತ್ತೆ,” ಎಂದರು.

ನಿಮ್ಮ ಮೇಲಿನ ದೂರು ಇನ್ನೂ ಬಾಕಿಯಿದೆ. ಅದನ್ನು ಪೋಸ್ಟಿನಲ್ಲಿ ಹೇಳಿ ಮುಗಿಸುವುದಿಲ್ಲ. ಎದುರಿಗೆ ಕೂತು ಹೇಳಬೇಕು, ನೀವು ಕೇಳಬೇಕು. ಭಾನುವಾರ ಬೆಳಗಿನ ಹಾಲು ಒಂಬತ್ತಕ್ಕೆ ಮುಗಿಯುತ್ತದೆ. ಚಿಂತಾಮಣಿಯಲ್ಲಿ ಇಳಿದು ಅಂಬಾಜಿದುರ್ಗದ ಬಸ್ ಹತ್ತಿ, ಡೈರಿಯ ಹತ್ತಿರವೇ ನಿಲ್ಲುತ್ತದೆ. ಮಧ್ಯಾಹ್ನದ ಊಟ ನಮ್ಮ ಮನೆಯಲ್ಲೇ, ನಡುಮನೆಯಲ್ಲಿ, ಎಲ್ಲರ ಜೊತೆ.

ವರಲಕ್ಷ್ಮಿ